ಸಿಂಪ್ಯೂಟರ್: ಬೆಂಗಳೂರಿನ ಮಾತನಾಡುವ ಗಣಕ

ಕಂಬಂ ಕಣಿವೆಯ ನಮಗೆ ಕನ್ನಡವು ಬಹುಮಟ್ಟಿಗೆ ಕಿವಿಯ ಭಾಷೆ. ಮನೆಯೊಳಗೆ ಕನ್ನಡವನ್ನಾಡುವ ನಮ್ಮವರಲ್ಲಿ ಹೆಚ್ಚಿನವರು ಅಕ್ಷರ ಕಲಿತದ್ದು ತಮಿಳಿನಲ್ಲಿ. ಮಾರ್ಕಯನ್‌ಕೋಟ್ಟೈಯ ಅಜ್ಜಿಗೆ ಕನ್ನಡದ ಪುಟವನ್ನು ಕೊಟ್ಟರೆ ಅದು ಬರಿಯ ಗೆರೆ. ಅದನ್ನೇ ಓದಿ ಹೇಳಿದರೆ ಆಕೆಗೆ ತಾಯ್ನುಡಿ. ಆದುದರಿಂದಲೇ, ಓದಿ ಹೇಳಬಲ್ಲ ಗಣಕವೊಂದು ಬೆಂಗಳೂರಿನಲ್ಲಿ ತಯಾರಾದ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ದಾಖಲಿಸುವುದು ಉಚಿತವೆಂದು ಭಾವಿಸಿದ್ದೇವೆ.

1998ರಲ್ಲಿ ಬೆಂಗಳೂರಿನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಈ ಕಲ್ಪನೆ ರೂಪು ತಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಒಂದು ಕಡೆ. ವಿನಯ್ ದೇಶಪಾಂಡೆಯವರ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಇನ್ನೊಂದು ಕಡೆ. ಇವರು ಕೂಡಿ ಸಿಂಪ್ಯೂಟರ್ ಟ್ರಸ್ಟನ್ನು ಕಟ್ಟಿದರು. ಸರಳ, ಅಗ್ಗ, ಬಹುಭಾಷಿಕ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆ ಹೆಸರು ಬಂದಿತು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರವು ಪ್ರದರ್ಶನಗೊಂಡಿತು.

ಅಂಗೈಯಲ್ಲಿ ಹಿಡಿಯುವಷ್ಟೇ ಗಾತ್ರ. ಕೀಲಿಮಣೆಯಿಲ್ಲ, ಪರದೆಯನ್ನೇ ಮುಟ್ಟಿ ನಡೆಸಬೇಕು. ಒಳಗೆ ಲಿನಕ್ಸ್. 'ಧ್ವನಿ' ಎಂಬ ತಂತ್ರಾಂಶವು ಪಠ್ಯವನ್ನು ಮಾತಾಗಿಸುತ್ತಿತ್ತು. ಕನ್ನಡವೂ ಅದರಲ್ಲಿ ಸೇರಿತ್ತು. ಆದರೆ ನಮ್ಮನ್ನು ಹೆಚ್ಚು ಸೆಳೆಯುವುದು ಅದರ ಸ್ಮಾರ್ಟ್ ಕಾರ್ಡ್. ಬಡವನೊಬ್ಬನು ಗಣಕವನ್ನು ಕೊಳ್ಳಲಾರನೆಂಬುದು ನಿರ್ಮಾತೃಗಳಿಗೆ ತಿಳಿದಿತ್ತು. ಆದ್ದರಿಂದ ಯಂತ್ರವು ಊರಿಗೊಂದು, ಕಾರ್ಡು ಆಳಿಗೊಂದು ಎಂದು ಯೋಚಿಸಿದರು. ತನ್ನ ವಿವರಗಳನ್ನು ಕಾರ್ಡಿನಲ್ಲಿಟ್ಟುಕೊಂಡವನು ಅದನ್ನು ಯಂತ್ರಕ್ಕೆ ತೂರಿಸಿದರೆ, ಅಷ್ಟು ಹೊತ್ತು ಅದು ಅವನದೇ ಗಣಕ. ಊರಬಾವಿಗೆ ಪ್ರತಿಮನೆಯವರೂ ತಮ್ಮ ಕೊಡವನ್ನು ತರುವ ಹಾಗೆ! ಯಂತ್ರದ ವಿನ್ಯಾಸವನ್ನೂ ಅವರು ಬಚ್ಚಿಡದೆ, ಪರವಾನಗಿ ಪಡೆದವರು ಯಾರಾದರೂ ತಯಾರಿಸಬಹುದೆಂದರು.

ಪ್ರಾಧ್ಯಾಪಕರು ಹುಟ್ಟುಹಾಕಿದ ಪಿಕೋಪೀಟಾ ಕಂಪನಿಯು ಭಾರತ್ ಎಲೆಕ್ಟ್ರಾನಿಕ್ಸ್‌ನ ಜೊತೆಗೂಡಿ 2004ರಲ್ಲಿ 'ಅಮಿಡಾ' ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಆರಂಭದ ಬೆಲೆ 9,950 ರೂಪಾಯಿ. ಕೈಯ ಓಲಾಟವನ್ನು ಗುರುತಿಸುವ ಸಂವೇದಕವೂ ಅದರಲ್ಲಿತ್ತು. ಇಂದಿನ ಫೋನುಗಳಲ್ಲಿ ಸಾಮಾನ್ಯವಾಗಿರುವ ಈ ಗುಣವು ಐಫೋನ್ ಬರುವ ಮೂರು ವರ್ಷ ಮೊದಲೇ ಬೆಂಗಳೂರಿನ ಯಂತ್ರದಲ್ಲಿತ್ತೆಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ. ಕರ್ನಾಟಕ ಸರ್ಕಾರವು ಭೂದಾಖಲೆಗಳ ಕೆಲಸಕ್ಕೆ ಸಿಂಪ್ಯೂಟರನ್ನು ಬಳಸಿತು.

ಮಾರಾಟ ಮಾತ್ರ ಕೈಗೂಡಲಿಲ್ಲ. 50,000 ಯಂತ್ರಗಳು ಹೋಗಬಹುದೆಂದು ಎಣಿಸಿದ್ದ ಕಡೆ 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000. ಯಂತ್ರ ಅಗ್ಗವಾಗಬೇಕಾದರೆ ಲಕ್ಷಗಟ್ಟಲೆ ತಯಾರಾಗಬೇಕು. ಲಕ್ಷಗಟ್ಟಲೆ ತಯಾರಾಗಬೇಕಾದರೆ ಅಗ್ಗವಾಗಿರಬೇಕು. ಊರಿಗೊಂದರಂತೆ ಕೊಳ್ಳಬಲ್ಲ ಶಕ್ತಿಯಿದ್ದುದು ಸರ್ಕಾರಗಳಿಗೆ. ಅವುಗಳಿಂದ ಅಂಥ ದೊಡ್ಡ ಬೇಡಿಕೆ ಬರಲಿಲ್ಲ. ಈ ನಡುವೆ ಮೊಬೈಲು ಅಗ್ಗವಾಗುತ್ತ ಮನೆಮನೆಗೆ ಬಂದಿತು. ವಿನ್ಯಾಸಕಾರರ ಜಾಣ್ಮೆಗಿಂತ ಕೊಳ್ಳುವವರ ಕೊರತೆಯೇ ಈ ಸೋಲಿಗೆ ಕಾರಣವೆಂದು ನಾವು ತಿಳಿಯುತ್ತೇವೆ.

'ಧ್ವನಿ' ಮಾತ್ರ ಯಂತ್ರದೊಡನೆ ಮುಗಿಯಲಿಲ್ಲ. ಅದು ಮುಕ್ತ ತಂತ್ರಾಂಶವಾಗಿದ್ದುದರಿಂದ, ಕೇರಳದ ಸಂತೋಷ್ ತೊಟ್ಟಿಂಗಲ್ ಅವರು ಮುಂದೆ ಅದನ್ನು ಕೈಗೆತ್ತಿಕೊಂಡು ಇನ್ನಷ್ಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು.