ತಿಮ್ಮೋಜನನ್ನು ಕೇಳಿದವರು ಯಾರು?

ಶರಾವತಿ ಕಡಲು ಸೇರುವ ಹೊನ್ನಾವರದ ಅಳಿವೆಯಲ್ಲಿ ದೋಣಿ ನಡೆಸುವುದು ಇಂದಿಗೂ ಎಲ್ಲರ ಕೈಲಾಗುವ ಕೆಲಸವಲ್ಲ. ಮರಳದಿಬ್ಬ ಎಲ್ಲಿದೆ, ಇಳಿತದ ಹೊತ್ತಿನಲ್ಲಿ ನೀರು ಎತ್ತ ಎಳೆಯುತ್ತದೆ ಎಂಬುದು ಬಲ್ಲವರಿಗಷ್ಟೇ ಗೊತ್ತು. ಐನೂರು ವರ್ಷಗಳ ಹಿಂದೆ ಈ ವಿದ್ಯೆಯಲ್ಲಿ ಹೆಸರಾದವನು ತಿಮ್ಮೋಜ. ಪೋರ್ಚುಗೀಸರ ಬರಹಗಳಲ್ಲಿ ತಿಮೋಜ. ಹುಟ್ಟು ಹಾಕಿ ಓಡಿಸುವ ಹಗುರ ಹಡಗುಗಳ ಪಡೆಯೊಂದು ಅವನ ಕೈಯಲ್ಲಿತ್ತು. ಕಡಲ್ಗಳ್ಳನೆಂದರೂ ಸರಿ, ನೌಕಾಧಿಪತಿಯೆಂದರೂ ಸರಿ. ಆಗಿನ ಪಶ್ಚಿಮ ಕರಾವಳಿಯಲ್ಲಿ ಎರಡೂ ಒಬ್ಬನೇ ಆಗಿರುತ್ತಿದ್ದುದುಂಟು.

1498ರಲ್ಲಿ ವಾಸ್ಕೋ ಡ ಗಾಮ ಅಂಜದೀವ ದ್ವೀಪದ ಬಳಿ ತಂಗಿದ್ದಾಗ ತಿಮ್ಮೋಜ ಎಂಟು ಹಡಗುಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಮರದ ಕೊಂಬೆರೆಂಬೆ ಹೊದಿಸಿ, ತೇಲುವ ಕಾಡಿನಂತೆ ಅವನತ್ತ ಸಾಗಿದನೆಂದು ಪೋರ್ಚುಗೀಸ್ ಚರಿತ್ರೆಕಾರರು ಬರೆದಿದ್ದಾರೆ. ಫಿರಂಗಿ ಸಿಡಿದೊಡನೆ ಕಾಡು ಚೆದುರಿತು. 1502ರಲ್ಲಿ ಗಾಮ ಮತ್ತೆ ಬಂದು ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೇರಿದ. 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡ ಹೊನ್ನಾವರದ ಬಂದರಿನಲ್ಲಿ ಹಡಗುಗಳಿಗೆ ಬೆಂಕಿಯಿಟ್ಟ. ಆಗ ಸಂಧಾನಕ್ಕೆ ನಿಂತವನು ಇದೇ ತಿಮ್ಮೋಜ.

1510ರ ಆರಂಭದಲ್ಲಿ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಕೆಂಪು ಸಮುದ್ರಕ್ಕೆ ಹೊರಟಿದ್ದ. ಈಗಿನ ಕುಮಟಾ ತಾಲ್ಲೂಕಿನ ಮಿರ್ಜಾನಿನ ಹತ್ತಿರ ತಿಮ್ಮೋಜ ಅವನನ್ನು ಕಂಡು, ಅಷ್ಟು ದೂರವೇಕೆ, ಗೋವೆಯೇ ಕಾವಲಿಲ್ಲದೆ ಕೂತಿದೆ ಎಂದು ಕಿವಿಗೆ ಹಾಕಿದ. ಬಿಜಾಪುರದವರ ಗೋವೆ ಹೆಚ್ಚು ಹೋರಾಟವಿಲ್ಲದೆ ಬಿತ್ತು. ಊರನ್ನೇ ಗುತ್ತಿಗೆಗೆ ಪಡೆಯುವ ಆಸೆ ತಿಮ್ಮೋಜನದು. ಸಿಕ್ಕಿದ್ದು ಹಿಂದೂ ಪ್ರಜೆಗಳ ಮೇಲಿನ ಅಧಿಕಾರ ಮತ್ತು ಕಂದಾಯ ವಸೂಲಿ. ಮೇ ತಿಂಗಳಲ್ಲಿ ಆದಿಲಶಾಹಿ ಸೇನೆ ಗೋವೆಯನ್ನು ಮರಳಿ ಪಡೆಯಿತು. ನವೆಂಬರ್ 25ರಂದು ಅಲ್ಬುಕರ್ಕ್ ಎರಡನೆಯ ಬಾರಿ ಗೆದ್ದಾಗ, ಮೊದಲ ದಾರಿ ತೋರಿದವನೇ ಅಲ್ಲಿರಲಿಲ್ಲ. ಗೇರುಸೊಪ್ಪೆಯ ರಾಣಿಯ ಮಗಳೊಡನೆ ಅವನ ಮದುವೆ ನಡೆದಿತ್ತಂತೆ. ತಲುಪುವಷ್ಟರಲ್ಲಿ ಕಾಳಗ ಮುಗಿದಿತ್ತು.

ನನಗೆ ಈ ಮದುವೆಗಿಂತ ಮುಂದಿನ ಸಂಗತಿ ದೊಡ್ಡದು. ಗೋವೆಯ ಮುಖಂಡರು ಅಲ್ಬುಕರ್ಕನ ಬಳಿ ಹೋಗಿ, ತಿಮ್ಮೋಜನ ಕೈಕೆಳಗೆ ನಮ್ಮನ್ನಿಡಬೇಡಿ ಎಂದು ಕೇಳಿಕೊಂಡರು. ಗಾಮನೂ ಅಲ್ಮೇಡನೂ ಕೇಳದ ಲೆಕ್ಕವನ್ನು ತೆರಿಗೆ ಕೊಡುವ ಜನ ಕೇಳಿದರು. ಅವನ ಜಾಗಕ್ಕೆ ಹೊನ್ನಾವರದ ರಾಜಮನೆತನದ ಮಲ್ಹಾರರಾಯ ಬಂದ. ಗೋವೆ ಗೆದ್ದ ಕೀರ್ತಿ ಪೂರ್ತಿ ಅಲ್ಬುಕರ್ಕನದಾಯಿತು.

ಬಿಜಾಪುರದವರ ಎದುರು ಸೋತು ಮಲ್ಹಾರರಾಯ, ತಿಮ್ಮೋಜ ಇಬ್ಬರೂ ವಿಜಯನಗರ ಸೇರಿದರು. ಮಲ್ಹಾರರಾಯ ಮರಳಿ ಬಂದು ಹೊನ್ನಾವರದ ಗದ್ದುಗೆ ಏರಿದ. ತಿಮ್ಮೋಜ ವಿಜಯನಗರದಲ್ಲೇ ತೀರಿಕೊಂಡ.

ಅವನನ್ನು ದ್ರೋಹಿ ಎನ್ನುವವರಿದ್ದಾರೆ, ವೀರ ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಗೋವೆಯ ಮುಖಂಡರು ಕೊಟ್ಟ ತೀರ್ಪೇ ಸರಿ: ಹಡಗು ನಡೆಸಲು ಬಲ್ಲವನು, ಊರು ನಡೆಸಲು ತಕ್ಕವನಲ್ಲ.