ತಾಳೆಗರಿಯಿಂದ ಮೊಬೈಲ್ ಪರದೆಯವರೆಗೆ: ಬರೆದವರ ಅನ್ನದ ಕಥೆ



ವಾಡಿಯಿಂದ ಸಿಕಂದರಾಬಾದ್ ಕಡೆಗೆ ಹೋಗುವ ರೈಲಿನಲ್ಲಿ ನೀವು ಒಮ್ಮೆಯಾದರೂ ಕುಳಿತಿರುತ್ತೀರಿ. ಚಿತ್ತಾಪುರ ದಾಟಿ, ಮಳಖೇಡ ರೋಡ್ ದಾಟಿ ಸೇಡಂ ತಲುಪುವುದರೊಳಗೆ ಡಬ್ಬಿಯಲ್ಲಿರುವ ಹುಡುಗರತ್ತ ಒಮ್ಮೆ ಕಣ್ಣಾಡಿಸಿರಿ. ಬಹುತೇಕ ಎಲ್ಲರ ಕೈಯಲ್ಲೂ ಮೊಬೈಲ್. ಅವರಲ್ಲಿ ಕೆಲವರಾದರೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕವನ್ನೋ, ಒಂದು ಕಾದಂಬರಿಯನ್ನೋ ಅದರಲ್ಲೇ ಓದುತ್ತಿರುತ್ತಾರೆ. ಎಲ್ಲಿ ಸಿಕ್ಕಿತೆಂದು ಕೇಳಿದರೆ, "ಗ್ರೂಪಿನ್ಯಾಗ ಪಿಡಿಎಫ್ ಬಂದಿತ್ರೀ" ಎನ್ನುತ್ತಾರೆ. ಎಷ್ಟು ಕೊಟ್ಟಿರಿ ಎಂದು ಕೇಳಿದರೆ ನಗುತ್ತಾರೆ.

ಪುಸ್ತಕ ಓದುಗನ ಕೈಗೆ ಪುಕ್ಕಟೆಯಾಗಿ ಬಂದರೆ ಬರೆದವನ ಮನೆಯ ಒಲೆ ಹೇಗೆ ಉರಿಯಬೇಕು? ಈ ಪ್ರಶ್ನೆ ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ. ಪುಸ್ತಕದ ರೂಪ ಬದಲಾದಾಗಲೆಲ್ಲ ಓದುವವರ ಸಂಖ್ಯೆ ಹೆಚ್ಚಿದೆ. ಅದೇ ಹೊತ್ತಿಗೆ ಯಾರದೋ ಅನ್ನ ಹೋಗಿದೆ, ಯಾರಿಗೋ ಹೊಸ ದಾರಿ ತೆರೆದಿದೆ. ಈ ಚರಿತ್ರೆಯ ಬಹುಪಾಲು ನಮ್ಮ ಈ ನೆಲದಲ್ಲಿಯೇ ನಡೆದಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮಳಖೇಡ ಮತ್ತು ಬಗ್ದಾದ್

ಸೇಡಂ ತಾಲೂಕಿನ ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕ್ರಿ.ಶ. 850ರ ಸುಮಾರಿಗೆ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ' ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ. ಅದೇ ಕಾಲದಲ್ಲಿ, ಅಂದರೆ 851ರಲ್ಲಿ, ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿರುವ ಪ್ರವಾಸ ವೃತ್ತಾಂತವು ಜಗತ್ತಿನ ನಾಲ್ವರು ಮಹಾರಾಜರಲ್ಲಿ 'ಬಲ್ಹರಾ' ಒಬ್ಬನೆಂದು ಹೇಳಿತು. ಬಲ್ಹರಾ ಎಂದರೆ ರಾಷ್ಟ್ರಕೂಟರ 'ವಲ್ಲಭರಾಜ'. ಮುಂದೆ ಹತ್ತನೆಯ ಶತಮಾನದಲ್ಲಿ ಅಲ್-ಮಸೂದಿಯು ಈ ರಾಜಧಾನಿಯನ್ನು 'ಮಾನ್ಕೀರ್' ಎಂದು ಹೆಸರಿಸಿದ್ದಾನೆ. ನಮ್ಮ ಸೇಡಂ ಸೀಮೆಯ ಹೆಸರು ಹನ್ನೊಂದು ಶತಮಾನಗಳ ಹಿಂದೆಯೇ ಅರಬೀ ಪುಸ್ತಕಗಳಲ್ಲಿ ಸೇರಿತ್ತು.

ಆಗ ಮಳಖೇಡದಲ್ಲಿ ತಾಳೆಗರಿ, ಬಗ್ದಾದಿನಲ್ಲಿ ಕಾಗದ. ಎಂಟನೆಯ ಶತಮಾನದ ಕೊನೆಗೆ ಬಗ್ದಾದಿನಲ್ಲಿ ಕಾಗದದ ಕಾರ್ಖಾನೆ ಆರಂಭವಾದ ಮೇಲೆ 'ವರ್ರಾಕ್' ಎಂಬ ವೃತ್ತಿಯವರು ಬೆಳೆದರು. ಅವರೇ ಕಾಗದ ಮಾರುವವರು, ಅವರೇ ಪ್ರತಿ ಮಾಡುವವರು, ಅವರೇ ಪುಸ್ತಕ ವ್ಯಾಪಾರಿಗಳು. ಪ್ರಸಿದ್ಧ ಲೇಖಕ ಅಲ್-ಜಾಹಿಝ್ ಇಂಥವರ ಅಂಗಡಿಗಳನ್ನು ರಾತ್ರಿಗೆ ಬಾಡಿಗೆ ಪಡೆದು ಬೆಳಗಿನವರೆಗೆ ಓದುತ್ತಿದ್ದನೆಂಬ ಪ್ರತೀತಿಯಿದೆ. ಪ್ರತಿ ಮಾಡಿದವನಿಗೆ ಕೂಲಿ ಸಿಗುತ್ತಿತ್ತು. ಬರೆದವನಿಗೆ ಪ್ರತಿಯ ಮೇಲೆ ಹಕ್ಕಿರಲಿಲ್ಲ. ಅವನು ಖಲೀಫನನ್ನೋ ವಜೀರನನ್ನೋ ನೆಚ್ಚಬೇಕಿತ್ತು. ಮಳಖೇಡದಲ್ಲಿಯೂ ಅಷ್ಟೇ. ಪೊನ್ನನಿಗೆ ಮೂರನೆಯ ಕೃಷ್ಣ 'ಉಭಯಕವಿಚಕ್ರವರ್ತಿ' ಎಂಬ ಬಿರುದು ಕೊಟ್ಟ. ಅಪಭ್ರಂಶ ಭಾಷೆಯ ಪುಷ್ಪದಂತನಿಗೆ ಅದೇ ಅರಸನ ಮಂತ್ರಿ ಭರತ ಆಶ್ರಯ ಕೊಟ್ಟ. ಅರಸನಿದ್ದರೆ ಅನ್ನ, ಇಲ್ಲದಿದ್ದರೆ ಇಲ್ಲ.

972ರಲ್ಲಿ ಪರಮಾರ ಸೀಯಕನು ಮಳಖೇಡವನ್ನು ಸೂರೆಗೊಂಡ. ಅರಮನೆ ಹೋಯಿತು, ಆದರೆ ಕವಿರಾಜಮಾರ್ಗ ಉಳಿಯಿತು. ಹೇಗೆ? ತಾಳೆಗರಿ ಜೀರ್ಣವಾಗುವ ಮೊದಲು ಯಾರೋ ಅದನ್ನು ಇನ್ನೊಂದು ಗರಿಗೆ ಇಳಿಸುತ್ತ ಬಂದರು. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಬಗ್ದಾದಿನಲ್ಲಿ ಇಬ್ನ್ ಅಲ್-ನದೀಮ್ 987ರಲ್ಲಿ ಬರೆದ 'ಅಲ್-ಫಿಹ್ರಿಸ್ತ್' ಸಾವಿರಾರು ಗ್ರಂಥಗಳ ಪಟ್ಟಿ. ಅವುಗಳಲ್ಲಿ ಬಹುಪಾಲು ಇಂದು ಹೆಸರು ಮಾತ್ರ ಉಳಿದಿವೆ. ಪ್ರತಿಯಾದದ್ದು ಬದುಕಿತು, ಪ್ರತಿಯಾಗದ್ದು ಮಣ್ಣಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿರಿ.

ಕಲ್ಲಚ್ಚು ಮತ್ತು ಕಾತಿಬರು

ಕನ್ನಡದ ಅಚ್ಚಿನ ಕಥೆ 1817ರಲ್ಲಿ ಸೆರಾಂಪುರದಲ್ಲಿ ಮುದ್ರಣಗೊಂಡ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣದಿಂದ ಶುರುವಾಗುತ್ತದೆ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಉರ್ದುವಿಗೂ ಕಲ್ಲಚ್ಚೇ ಹೇಳಿ ಮಾಡಿಸಿದಂತಿತ್ತು. ನಸ್ತಾಲೀಖ್ ಲಿಪಿಯ ಬಾಗು ಬಳುಕುಗಳನ್ನು ಸೀಸದ ಮೊಳೆಗಳಲ್ಲಿ ಕೂರಿಸುವುದು ಕಷ್ಟ. ಕಾತಿಬರು ವಿಶೇಷ ಶಾಯಿಯಿಂದ ಕಾಗದದ ಮೇಲೆ ಬರೆದದ್ದನ್ನು ಕಲ್ಲಿಗೆ ಇಳಿಸಿ ಅಚ್ಚೊತ್ತುತ್ತಿದ್ದರು. ಆ ಕಲ್ಲು ಬಹು ನಯವಾದ ಸುಣ್ಣದ ಕಲ್ಲು; ಬವೇರಿಯಾದ ಸೋಲ್ನ್‌ಹೋಫೆನ್ ಗಣಿಗಳದ್ದು ಹೆಸರುವಾಸಿ. ಶಹಾಬಾದಿನ ಹಾಸುಗಲ್ಲನ್ನು ದಿನವೂ ತುಳಿಯುವ ನಮಗೆ ಇದು ಕೇಳಲು ಸೊಗಸು, ಏಕೆಂದರೆ ನಮ್ಮ ಕಲ್ಲೂ ಸುಣ್ಣದ ಕಲ್ಲೇ. 1858ರಲ್ಲಿ ಲಖನೌದಲ್ಲಿ ಆರಂಭವಾದ ನವಲ್ ಕಿಶೋರ್ ಪ್ರೆಸ್ ಈ ಕಲ್ಲಚ್ಚಿನಿಂದಲೇ ಉರ್ದು, ಫಾರ್ಸಿ, ಅರಬೀ ಗ್ರಂಥಗಳನ್ನು ಸಾಮಾನ್ಯರ ಕೈಗೆಟಕುವಂತೆ ಮಾಡಿತು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಅಚ್ಚುಯಂತ್ರ ಬಂದರೆ ಕೈಬರಹದವರ ಅನ್ನ ಹೋಗಬೇಕಿತ್ತು. ಕಲ್ಲಚ್ಚು ಬಂದಾಗ ಹಾಗಾಗಲಿಲ್ಲ. ಕಾತಿಬರಿಗೆ ಇನ್ನಷ್ಟು ಕೆಲಸ ಸಿಕ್ಕಿತು. ಅವರ ಅನ್ನ ಹೋದದ್ದು ಕಂಪ್ಯೂಟರಿನಿಂದ. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಅವರು ರೂಪಿಸಿದ 'ನೂರಿ ನಸ್ತಾಲೀಖ್' ಬಂತು, 1994ರಲ್ಲಿ 'ಇನ್‌ಪೇಜ್' ತಂತ್ರಾಂಶ ಬಂತು. ಕೆಲವೇ ವರ್ಷಗಳಲ್ಲಿ ತಲೆಮಾರುಗಳ ಕಸುಬು ಮುಗಿಯಿತು. ಕನ್ನಡದಲ್ಲಿ ಮೊಳೆ ಜೋಡಿಸುತ್ತಿದ್ದವರಿಗೂ ಡಿಟಿಪಿ ಬಂದ ಮೇಲೆ ಇದೇ ಗತಿಯಾಯಿತು. ಬರೆಯುವವರಿಗೆ ಮಾತ್ರ ಕಂಪ್ಯೂಟರ್ ಅನುಕೂಲವನ್ನೇ ತಂದಿತು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಇವುಗಳಿಂದ ಲೇಖಕರು ತಮ್ಮ ಪುಸ್ತಕವನ್ನು ತಾವೇ ಬೆರಳಚ್ಚು ಮಾಡತೊಡಗಿದರು.

ಸಂಬಳ, ಗೌರವಧನ, ಗ್ರಂಥಾಲಯ

ಅರಸೊತ್ತಿಗೆಯ ಕಾಲದ ಆಶ್ರಯ ನಮ್ಮ ಭಾಗದಲ್ಲಿ ಬಹಳ ಕಾಲ ಮುಂದುವರಿಯಿತು. 1422ರಲ್ಲಿ ವಫಾತಾದ ಹಜರತ್ ಖ್ವಾಜಾ ಬಂದಾನವಾಜ್ ಗೇಸೂದರಾಜರು ಕಲಬುರಗಿಯಲ್ಲಿ ಬೋಧಿಸಿದ್ದನ್ನು ಮುರೀದರು ಬರೆದಿಟ್ಟರು. ಅಲ್ಲಿ ಖಾನಖಾವೇ ಗ್ರಂಥಾಲಯ, ಖಾನಖಾವೇ ಪ್ರಕಾಶನ. ನಿಜಾಮರ ಕಾಲದಲ್ಲಿ ಬರಹಕ್ಕೆ ಸರ್ಕಾರಿ ಸಂಬಳವೂ ಬಂತು. 1880ರ ದಶಕದಲ್ಲಿ ಫಾರ್ಸಿಯ ಬದಲು ಉರ್ದು ಆಡಳಿತ ಭಾಷೆಯಾಯಿತು. 1888ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ದಾಯಿರತುಲ್ ಮಆರಿಫ್ ಅಪೂರ್ವ ಅರಬೀ ಹಸ್ತಪ್ರತಿಗಳನ್ನು ಮುದ್ರಿಸಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಪಠ್ಯ ಒದಗಿಸಲು ಹಿಂದಿನ ವರ್ಷವೇ ಭಾಷಾಂತರ ಇಲಾಖೆ ತೆರೆದಿತ್ತು. ಕವಿ ಜೋಶ್ ಮಲೀಹಾಬಾದಿ ಅಲ್ಲಿ ಸಂಬಳಕ್ಕಿದ್ದವರು. 1874ರಲ್ಲಿ ತೆರೆದ ವಾಡಿ-ಸಿಕಂದರಾಬಾದ್ ರೈಲು ಮಾರ್ಗ ನಮ್ಮೂರುಗಳನ್ನು ಆ ಅಕ್ಷರಲೋಕಕ್ಕೆ ಜೋಡಿಸಿತು.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ದಾದಾ ಉರ್ದುವಿನಲ್ಲಿ ಓದಿದರು, ಮೊಮ್ಮಗ ಕನ್ನಡದಲ್ಲಿ ಓದಿದ. ಕನ್ನಡ ನಮಗೆ ಅನ್ನವನ್ನೂ ಅರಿವನ್ನೂ ಕೊಟ್ಟಿತು. ಆದರೆ ದಾದಾ ಅವರ ಟ್ರಂಕಿನಲ್ಲಿದ್ದ ಪುಸ್ತಕಗಳು ಮುಚ್ಚಿದ ಹಾಗೆಯೇ ಉಳಿದವು. ಅಂದಿನ ಅಗ್ಗದ ಕಾಗದ ಈಗ ಮುಟ್ಟಿದರೆ ಪುಡಿಯಾಗುತ್ತದೆ.

ಸ್ವತಂತ್ರ ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆ ಬರೆದವನಿಗೆ ಕಾನೂನಿನ ಬಲ ಕೊಟ್ಟಿತು. ಈಗಿರುವಂತೆ ಲೇಖಕನ ಜೀವಿತಾವಧಿ ಮತ್ತು ಅನಂತರದ 60 ವರ್ಷ ಆ ಹಕ್ಕು ನಡೆಯುತ್ತದೆ. ಕನ್ನಡ ಲೇಖಕರ ಲೆಕ್ಕ ಹೀಗಿದೆ: 200 ರೂಪಾಯಿಯ ಪುಸ್ತಕಕ್ಕೆ ಶೇಕಡಾ 10ರ ರೂಢಿಯ ಗೌರವಧನ ಎಂದರೆ 20 ರೂಪಾಯಿ. ಸಾವಿರ ಪ್ರತಿಯೂ ಮಾರಾಟವಾದರೆ 20,000 ರೂಪಾಯಿ. ಬರೆಯಲು ಎರಡು ವರ್ಷ, ಮಾರಾಟವಾಗಲು ಮೂರು ವರ್ಷ ಹಿಡಿದರೆ ತಿಂಗಳಿಗೆ ಎಷ್ಟಾಯಿತೆಂದು ನೀವೇ ಭಾಗಿಸಿ ನೋಡಿರಿ. ಅದಕ್ಕೇ ನಮ್ಮ ಲೇಖಕರಲ್ಲಿ ಹೆಚ್ಚಿನವರು ಮಾಸ್ತರರು, ವಕೀಲರು, ಬ್ಯಾಂಕಿನವರು. ಪ್ರಕಾಶಕರಿಗೆ ಆಸರೆಯಾದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ ಗ್ರಂಥಾಲಯ ಕರದ ಹಣದಿಂದ ಇಲಾಖೆ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ. ಅರಸನ ಜಾಗಕ್ಕೆ ಇಲಾಖೆ ಬಂದಿತು ಎನ್ನಬಹುದು.

ಪರದೆಯ ಪುಸ್ತಕ

1971ರಲ್ಲಿ ಅಮೆರಿಕದ ಮೈಕೆಲ್ ಹಾರ್ಟ್ ಅಲ್ಲಿನ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಹಂಚಿದ್ದು ಡಿಜಿಟಲ್ ಪುಸ್ತಕದ ಬೀಜ. 2007ರಲ್ಲಿ ಅಮೆಜಾನ್ ಕಿಂಡಲ್ ಬಂತು. 2016ರ ಡಿಸೆಂಬರಿನಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ಆರಂಭಿಸಿದಾಗ ಆ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ, ಉರ್ದುವೂ ಇರಲಿಲ್ಲ. ನಮ್ಮವರು ತಮ್ಮ ದಾರಿ ತಾವೇ ಹುಡುಕಿದರು. ಕನ್ನಡ ಪುಸ್ತಕಗಳು ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಬಂದವು. 2020ರಲ್ಲಿ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳಿಗಾಗಿ 'ಮೈಲ್ಯಾಂಗ್' ಶುರುವಾಯಿತು. ಉರ್ದುವಿಗೆ 2013ರಲ್ಲಿ ಸಂಜೀವ್ ಸರಾಫ್ ಆರಂಭಿಸಿದ 'ರೇಖ್ತಾ' ಒಂದು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಓದಲು ಇಟ್ಟಿದೆ. 2020ರಲ್ಲಿ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು.

ಇದರಿಂದ ಆದ ಲಾಭವನ್ನು ಕಡೆಗಣಿಸುವಂತಿಲ್ಲ. ಕಲಬುರಗಿಯ ಅಂಗಡಿಗೆ ಹೋಗಲು ಬಸ್ ಚಾರ್ಜಿಗೂ ಯೋಚಿಸುವ ಚಿಂಚೋಳಿ ಭಾಗದ ಹುಡುಗಿಗೆ, ಚಂದ್ರಂಪಳ್ಳಿಯಂಥ ಊರಿನಲ್ಲಿ ಕುಳಿತೇ ಒಂದು ಗ್ರಂಥಾಲಯ ಸಿಗುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಗೆ ಯುನಿಕೋಡಿನಲ್ಲಿರುವ ಪುಸ್ತಕವನ್ನು ಮೊಬೈಲೇ ಓದಿ ಹೇಳುತ್ತದೆ. ಪ್ರಕಾಶಕನು ಸಾವಿರ ಪ್ರತಿ ಅಚ್ಚು ಹಾಕಿಸಿ ಗೋದಾಮಿನಲ್ಲಿ ಗೆದ್ದಲಿಗೆ ಕೊಡಬೇಕಿಲ್ಲ. ನೂರು ಪ್ರತಿ ಮುದ್ರಿಸಿ, ಬೇಡಿಕೆ ಬಂದಂತೆ ಮತ್ತೆ ಮುದ್ರಿಸಬಹುದು. ಇ-ಪುಸ್ತಕಕ್ಕೆ ಕಾಗದ, ಸಾಗಾಟದ ಖರ್ಚಿಲ್ಲದ್ದರಿಂದ ಲೇಖಕರಿಗೆ ಶೇಕಡಾ 10ಕ್ಕಿಂತ ದೊಡ್ಡ ಪಾಲು ಕೊಡಲು ಸಾಧ್ಯವಿದೆ.

ಆದರೆ ಎರಡು ಅಪಾಯಗಳಿವೆ. ಮೊದಲನೆಯದು, ಪರದೆಯ ಪುಸ್ತಕ ಪೂರ್ತಿ ನಮ್ಮದಾಗುವುದಿಲ್ಲ. 2009ರಲ್ಲಿ ಅಮೆಜಾನ್ ಕಂಪನಿಯು ಹಕ್ಕಿನ ತಕರಾರಿನಿಂದ ಜಾರ್ಜ್ ಆರ್ವೆಲ್‌ನ ಪುಸ್ತಕಗಳನ್ನು ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಗಿರಾಕಿಗಳಿಗೆ ಹಣ ಮರಳಿ ಬಂತು, ಪುಸ್ತಕ ಹೋಯಿತು. ನಮ್ಮ ದೇಶದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಜಾಲತಾಣವೂ ನಿಂತುಹೋಯಿತು. ಅದರ ಪುಸ್ತಕಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಇದ್ದುದರಿಂದ ಉಳಿದವು. ಮಳಖೇಡದ ಪಾಠವೇ ಇಲ್ಲಿಯೂ.

ಎರಡನೆಯದು, ಆ ರೈಲಿನ ಹುಡುಗನ ಪಿಡಿಎಫ್. ಹಕ್ಕಿರುವ ಪುಸ್ತಕವನ್ನು ಯಾರೋ ಸ್ಕ್ಯಾನ್ ಮಾಡಿ ಹಂಚಿದಾಗ 20 ರೂಪಾಯಿಯೂ ಬರೆದವನಿಗೆ ಸೇರುವುದಿಲ್ಲ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ, ದೀಪಾ ಭಾಸ್ತಿ ಅವರು ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಸಂದೇಶಗಳನ್ನು ಹಂಚಿಕೊಂಡೆವು. ನಮ್ಮಲ್ಲಿ ಎಷ್ಟು ಜನ ಅವರ ಕಥೆಗಳನ್ನು ಕೊಂಡು ಓದಿದೆವು? ಶಾಲು ಹೊದಿಸುವವರು ಪುಸ್ತಕ ಕೊಳ್ಳದಿದ್ದರೆ ಅದು ಹೊಟ್ಟೆಗೆ ಹಿಟ್ಟಿಲ್ಲದ ಜುಟ್ಟಿನ ಮಲ್ಲಿಗೆ.

ನಮ್ಮ ಹೊಣೆ

ವಾಚಕ ಬಂಧುಗಳೇ, ಬರೆದವನಿಗೆ ಒಂದು ಕಾಲದಲ್ಲಿ ಅರಸ ಕೊಟ್ಟ, ಇನ್ನೊಂದು ಕಾಲದಲ್ಲಿ ಖಾನಖಾ, ಮತ್ತೊಂದು ಕಾಲದಲ್ಲಿ ಇಲಾಖೆ ಕೊಟ್ಟಿತು. ಡಿಜಿಟಲ್ ಪುಸ್ತಕ ಬರೆದವನನ್ನೂ ಓದುವವನನ್ನೂ ಎದುರುಬದುರು ತಂದು ನಿಲ್ಲಿಸಿದೆ. ನೃಪತುಂಗನ ಜಾಗದಲ್ಲಿ ಈಗ ಕುಳಿತಿರುವವರು ನೀವು. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿ ಮುಹಮ್ಮದ್ (ಸ) ಬೋಧಿಸಿದ್ದಾರೆ. ಆ ಬೋಧನೆ ಗಾರೆ ಕೆಲಸದವನಿಗೆ ಮಾತ್ರ ಅನ್ವಯಿಸುತ್ತದೆಯೇ? ಬರೆಯುವುದೂ ದುಡಿಮೆಯೇ. ಅದು ಹಕ್ಕುಲ್ ಇಬಾದ್, ಮನುಷ್ಯರಿಗೆ ನಾವು ಸಲ್ಲಿಸಬೇಕಾದ ಹಕ್ಕು.

ಹಾಗೆಂದು ಬಡ ವಿದ್ಯಾರ್ಥಿ ಓದಬಾರದೆಂದು ಅರ್ಥವಲ್ಲ. ಹಕ್ಕಿನ ಅವಧಿ ಮುಗಿದ ಪುಸ್ತಕಗಳನ್ನು ಮನಸಾರೆ ಓದಿರಿ, ಹಂಚಿರಿ; 1938ರಲ್ಲಿ ತೀರಿಕೊಂಡ ಅಲ್ಲಾಮಾ ಇಕ್ಬಾಲರ ಕೃತಿಗಳಿಗೆ ಈಗ ಯಾವ ತಡೆಯೂ ಇಲ್ಲ. ಹೊಸ ಪುಸ್ತಕವನ್ನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಿಂದಲೋ ಕಾಲೇಜಿನ ಗ್ರಂಥಾಲಯದಿಂದಲೋ ಎರವಲು ಪಡೆಯಿರಿ. ಕೊಳ್ಳುವ ಶಕ್ತಿಯಿದ್ದವರು ವರ್ಷಕ್ಕೆ ಎರಡಾದರೂ ಕೊಳ್ಳಿರಿ, ಕಾಗದದ್ದಾಗಲಿ ಪರದೆಯದ್ದಾಗಲಿ. ಮದುವೆ ಸಮಾರಂಭಗಳಿಗೆ ನಾವು ಖರ್ಚು ಮಾಡುವುದರ ಮುಂದೆ ಇದು ಎಷ್ಟರದು?

ಸಂಘದ ಸದಸ್ಯರಲ್ಲಿ ಇನ್ನೊಂದು ವಿನಂತಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಹಳೆಯ ಮನೆಗಳಲ್ಲಿರುವ ಆ ಟ್ರಂಕುಗಳನ್ನು ತೆರೆಯೋಣ. ಉರ್ದು ಬಲ್ಲ ಹಿರಿಯರು ಶೀರ್ಷಿಕೆ, ಲೇಖಕರ ಹೆಸರು, ವರ್ಷ ಓದಿ ಹೇಳಲಿ. ಕನ್ನಡ ಕಲಿತ ಮಕ್ಕಳು ಪಟ್ಟಿ ಬರೆದುಕೊಳ್ಳಲಿ, ಮೊಬೈಲಿನಲ್ಲಿಯೇ ಪುಟಗಳನ್ನು ಸ್ಕ್ಯಾನ್ ಮಾಡಲಿ. ಪ್ರತಿಗಳನ್ನು ಒಂದೇ ಕಡೆ ಇಡದೆ ಮೂರು ಕಡೆ ಇಡೋಣ. ಅಜ್ಜನ ಹತ್ತಿರ ಮೊಮ್ಮಗ ಕುಳಿತು ಮಾಡುವ ಈ ಕೆಲಸದಿಂದ ಪುಸ್ತಕವೂ ಉಳಿಯುತ್ತದೆ, ಮನೆಯಲ್ಲಿ ನಿಂತುಹೋದ ಮಾತೂ ಮತ್ತೆ ಶುರುವಾಗುತ್ತದೆ. ಜ್ಞಾನವನ್ನು ಮುಂದಿನವರಿಗೆ ಬಿಟ್ಟುಹೋಗುವುದು ಸದಕಾ-ಎ-ಜಾರಿಯಾ.

ಓದುವ ಮನಸ್ಸನ್ನೂ, ಬರೆದವರ ಹಕ್ಕನ್ನು ಸಲ್ಲಿಸುವ ಗುಣವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.