ಕೊಡುಗೈ ದೊರೆ ಕಾರ್ನಾಡು ಸದಾಶಿವರಾಯರು

ಬೆಂಗಳೂರಿನಲ್ಲಿ ನಿವೇಶನದ ಬೆಲೆಯ ಮಾತು ಬಂದಾಗ ಮೊದಲು ಕೇಳಿಬರುವ ಹೆಸರುಗಳಲ್ಲಿ ಸದಾಶಿವನಗರವೂ ಒಂದು. ಅಷ್ಟು ಸಿರಿವಂತ ಬಡಾವಣೆಯು ಯಾರ ಹೆಸರನ್ನು ಹೊತ್ತಿದೆಯೋ ಆ ಮಹನೀಯರು ಕಣ್ಮುಚ್ಚಿದಾಗ ತಮ್ಮದೆಂದು ಹೇಳಿಕೊಳ್ಳುವ ಆಸ್ತಿ ಅವರಿಗೆ ಉಳಿದಿರಲಿಲ್ಲ. ಅವರು ದೇಹಬಿಟ್ಟದ್ದು ಮುಂಬಯಿಯಲ್ಲಿ. ಆದರೆ ಮುಂಬಯಿ ಕನ್ನಡಿಗರಲ್ಲಿಯೂ ಈ ಸಂಗತಿಯನ್ನು ಬಲ್ಲವರು ವಿರಳ.

ಕಾರ್ನಾಡು ಸದಾಶಿವರಾಯರು ಜನಿಸಿದ್ದು 1881ರಲ್ಲಿ, ಮಂಗಳೂರಿನ ಸ್ಥಿತಿವಂತ ಮನೆತನದಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, ಮುಂಬಯಿಯಲ್ಲಿ ಕಾನೂನು ವ್ಯಾಸಂಗ ಮಾಡಿದರು. ಆ ಕಾಲದಲ್ಲಿ ಇದು ಸುಲಭದ ಮಾತಲ್ಲ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ, ಅದೂ ದಕ್ಷಿಣದ ಮಲಬಾರಿನ ಕಡೆಯಿಂದ. ಕಡಲ ತೀರವನ್ನು ಹಿಡಿದು ನೇರವಾಗಿ ಮುಂಬಯಿಗೆ ರೈಲಿನಲ್ಲಿ ಹೋಗಲು ನಮ್ಮವರು 1998ರವರೆಗೆ, ಕೊಂಕಣ ರೈಲು ಪೂರ್ಣಗೊಳ್ಳುವವರೆಗೆ, ಕಾಯಬೇಕಾಯಿತು. ಹಾಗೆ ದೂರ ಹೋಗಿ ವಕೀಲರಾಗಿ ಮರಳಿದ ತರುಣನಿಗೆ ಪಿತ್ರಾರ್ಜಿತವೂ ಇತ್ತು, ಸ್ವಯಾರ್ಜಿತಕ್ಕೂ ದಾರಿ ತೆರೆದಿತ್ತು.

ಅವರ ಮನಸ್ಸು ಅತ್ತ ವಾಲಲಿಲ್ಲ. 1911ರಲ್ಲಿ ಪತ್ನಿ ಶಾಂತಾಬಾಯಿಯವರೊಡನೆ ಮಂಗಳೂರಿನಲ್ಲಿ ಮಹಿಳಾ ಸಭೆಯನ್ನು ಸ್ಥಾಪಿಸಿದರು. ವಿಧವೆಯರಿಗೂ ದಿಕ್ಕಿಲ್ಲದ ಸ್ತ್ರೀಯರಿಗೂ ಅಕ್ಷರ ಮತ್ತು ಕೈಕಸಬು ಕಲಿಸಿ ಸ್ವಂತ ಕಾಲಮೇಲೆ ನಿಲ್ಲಿಸುವುದು ಅದರ ಉದ್ದೇಶ. ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡ ಹೆಣ್ಣುಮಕ್ಕಳು ಅಡುಗೆಮನೆಯ ಹೊಗೆಯಲ್ಲಿ ಬದುಕು ಸವೆಸುತ್ತಿದ್ದ ದಿನಗಳು ಅವು. ನಮ್ಮ ಮನೆತನಗಳಲ್ಲಿಯೂ ಎರಡು ಮೂರು ತಲೆಮಾರಿನ ಹಿಂದೆ ಅಂಥ ಅತ್ತೆಯೋ ದೊಡ್ಡಮ್ಮನೋ ಇಲ್ಲದ ಮನೆ ಇತ್ತೇ? ಅಂಥವರ ಕೈಗೆ ಪುಸ್ತಕ ಕೊಡುವುದು ಪರೋಪಕಾರವೆನಿಸಿಕೊಳ್ಳುವುದಕ್ಕಿಂತ ಅಧಿಕಪ್ರಸಂಗವೆನಿಸಿಕೊಳ್ಳುವ ಸಂಭವವೇ ಹೆಚ್ಚು. ಇದೇ ಮಂಗಳೂರಿನಲ್ಲಿ ವಕೀಲ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿ, ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನೂ ಸಹಿಸಿದ್ದರು. ಸದಾಶಿವರಾಯರ ಮುಂದೆ ಆ ಹಿರಿಯರ ಮೇಲ್ಪಂಕ್ತಿಯಿತ್ತು.

1919ರಲ್ಲಿ ರೌಲತ್ ಶಾಸನದ ವಿರುದ್ಧ ಗಾಂಧೀಜಿಯವರು ಸತ್ಯಾಗ್ರಹದ ಪ್ರತಿಜ್ಞಾಪತ್ರ ಹೊರಡಿಸಿದಾಗ, ಅದಕ್ಕೆ ಸಹಿ ಮಾಡಿದ ಕರ್ನಾಟಕದ ಮೊದಲಿಗರೆಂಬ ಕೀರ್ತಿ ರಾಯರದಾಯಿತು. ಮರುವರ್ಷ ಗಾಂಧೀಜಿ ಮಂಗಳೂರಿಗೆ ಬಂದುಹೋದರು. ಅಸಹಕಾರದ ಕರೆಗೆ ಓಗೊಟ್ಟು ರಾಯರು ವಕೀಲಿಯನ್ನು ಬಿಟ್ಟರು. ಹಿಂದಿ, ನೂಲುವಿಕೆ, ನೇಯ್ಗೆಗಳನ್ನು ಕಲಿಸುವ ತಿಲಕ ವಿದ್ಯಾಲಯವನ್ನು ತೆರೆದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು.

ಇಲ್ಲಿ ಲೆಕ್ಕದ ಮಾತೊಂದನ್ನು ಆಡಲೇಬೇಕು. ವಕೀಲಿ ನಿಂತ ಮೇಲೆ ವರಮಾನವಿಲ್ಲ. ಖರ್ಚಾದರೋ ಏರುತ್ತಲೇ ಹೋಯಿತು. ಶಾಲೆ ನಡೆಯಬೇಕು, ಸ್ವಯಂಸೇವಕರು ಉಣ್ಣಬೇಕು, ಚಳವಳಿ ಸಾಗಬೇಕು. ಬೇಡಿ ಬಂದವರಿಗೆ ಇಲ್ಲವೆನ್ನುವುದು ರಾಯರಿಗೆ ತಿಳಿಯದು. ಹಿರಿಯರು ಗಳಿಸಿಟ್ಟದ್ದು ಹೀಗೆ ಕರಗಿತು. ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸ ನಾಯಕರು ಸಂಪತ್ತಿಗೆ ತುಳಸೀದಳವಿಟ್ಟು ಪುರಂದರದಾಸರಾದ ಕಥೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಅಲ್ಲಿ ಒಂದೇ ಘಳಿಗೆಯ ತ್ಯಾಗ. ರಾಯರದು ಹಾಗಲ್ಲ, ವರ್ಷವರ್ಷವೂ, ಉಳಿದದ್ದೆಷ್ಟೆಂದು ಬಲ್ಲವರಾಗಿಯೇ ಮತ್ತೆ ಮತ್ತೆ ಕೊಟ್ಟದ್ದು. ಮನಸ್ಸು ಬದಲಿಸಲು ಅವರಿಗೆ ಪ್ರತಿದಿನವೂ ಅವಕಾಶವಿತ್ತು. ಇಂಥ ತ್ಯಾಗವು ಹೆಚ್ಚು ಕಠಿಣವೆಂದೇ ಹೇಳಬೇಕು.

ಅತಿಯಾಯಿತೆನ್ನುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ತನಗೂ ತನ್ನವರಿಗೂ ಏನನ್ನೂ ಉಳಿಸಿಕೊಳ್ಳದ ದಾನವನ್ನು ಗೃಹಸ್ಥಧರ್ಮವು ಒಪ್ಪುವುದೇ? ಅಸಹಕಾರದ ದಿನಗಳಲ್ಲಿ ಕಾಲೇಜು ತೊರೆದು ಹೊರಬಿದ್ದ ಶಿವರಾಮ ಕಾರಂತರು ಮುಂದೆ ಬರೆದ ‘ಔದಾರ್ಯದ ಉರುಳಲ್ಲಿ’ ಕಾದಂಬರಿಯ ಮೇಲೆ ರಾಯರ ಜೀವನದ ನೆರಳಿದೆಯೆಂಬುದು ಓದುಗರಿಗೆ ತಿಳಿದ ವಿಷಯ. ಆ ಶೀರ್ಷಿಕೆಯ ‘ಉರುಳು’ ಎಂಬ ಪದವನ್ನು ಗಮನಿಸಬೇಕು. ಕೊಟ್ಟವನ ಕೊರಳಿಗೇ ಔದಾರ್ಯವು ಬಿಗಿದುಕೊಳ್ಳಬಹುದು. ಆದರೆ ಈ ಪ್ರಶ್ನೆಯ ಇನ್ನರ್ಧವು ಪಡೆದವರನ್ನು ಕುರಿತದ್ದು. ಸಂಪತ್ತಿದ್ದಾಗ ಸುತ್ತ ನೆರೆದವರು ಅದು ಮುಗಿದ ಮೇಲೆ ಎಷ್ಟು ಮಂದಿ ಉಳಿಯುತ್ತಾರೆ? ಕೊಟ್ಟವರನ್ನು ತೂಗುವ ಮೊದಲು ಈ ಎರಡನೆಯದಕ್ಕೆ ಉತ್ತರ ಹುಡುಕುವುದು ನ್ಯಾಯ.

1936ರ ಡಿಸೆಂಬರಿನಲ್ಲಿ ಖಾನದೇಶದ ಫೈಜಪುರದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ನೆಹರೂ ಅಧ್ಯಕ್ಷರು. ಹಳ್ಳಿಯೊಂದರಲ್ಲಿ ನಡೆದ ಮೊದಲ ಅಧಿವೇಶನವದು. ಬರಿಗೈಯಾಗಿದ್ದ ರಾಯರು ಅಲ್ಲಿಗೂ ಹೋದರು. ಜ್ವರಪೀಡಿತರಾಗಿ ಮುಂಬಯಿ ಸೇರಿದರು. 1937ರ ಜನವರಿ 9ರಂದು ಅಲ್ಲಿಯೇ ಕಾಲವಾದರು. ಮರುತಿಂಗಳು ಮದರಾಸು ಪ್ರಾಂತದ ಚುನಾವಣೆಯಲ್ಲಿ ಕಾಂಗ್ರೆಸ್ ಜಯಗಳಿಸಿತು, ಜುಲೈಯಲ್ಲಿ ರಾಜಾಜಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ದಕ್ಷಿಣ ಕನ್ನಡವೂ ಆಗ ಆ ಪ್ರಾಂತಕ್ಕೇ ಸೇರಿತ್ತು. ಮಂಗಳೂರಿನ ಕೆ.ಎಸ್. ರಾವ್ ರಸ್ತೆ, ಮೂಲ್ಕಿಯ ಕೆ.ಎಸ್. ರಾವ್ ನಗರ, ಬೆಂಗಳೂರಿನ ಸದಾಶಿವನಗರಗಳೆಲ್ಲ ಆ ಹೆಸರನ್ನು ಪಡೆದದ್ದು ಅನಂತರದ ಕಾಲದಲ್ಲಿ.